ಗಂಟನ್ನು ಕೆಣಕಬಾರದೇ? ಕ್ಯಾನ್ಸರ್ ಶಸ್ತ್ರವೈದ್ಯರ ಉತ್ತರ

ಪ್ರಶ್ನೆ: ನನ್ನ ಅತ್ತಿಗೆಗೆ 46 ವರ್ಷ. ಎಡಸ್ತನದಲ್ಲಿ ಗಂಟು ಕಾಣಿಸಿಕೊಂಡು ನಾಲ್ಕು ತಿಂಗಳಾಗಿದೆ. ವೈದ್ಯರು ಬಯಾಪ್ಸಿ (ಗಂಟಿನ ತುಣುಕನ್ನು ತೆಗೆದು ಮಾಡುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ. ಆದರೆ ಸೂಜಿ ಚುಚ್ಚಿದರೆ ಗಂಟು ಕೆರಳಿ ಮೈಗೆಲ್ಲ ಹರಡುತ್ತದೆಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ. ನಮ್ಮೂರಿನಲ್ಲಿ ಒಬ್ಬರು ಬಯಾಪ್ಸಿಯಾದ ಮೂರೇ ತಿಂಗಳಲ್ಲಿ ತೀರಿಕೊಂಡರು. ಏನು ಮಾಡಬೇಕು?

ಉತ್ತರ: ಈ ವಾರವೇ ಬಯಾಪ್ಸಿ ಮಾಡಿಸಿ. ನನ್ನ ಉತ್ತರಕ್ಕಾಗಿ ಕಾದ ದಿನಗಳೂ ನಷ್ಟವೇ. ಇದೇ ಪ್ರಶ್ನೆಯನ್ನು ಹೊರರೋಗಿ ವಿಭಾಗದಲ್ಲಿ ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಹೀಗೆ ತಡೆಸಿಕೊಂಡವರು ಕೊನೆಗೆ ಬರುವಾಗ ಗಂಟು ಚರ್ಮವನ್ನು ಒಡೆದು ಹುಣ್ಣಾಗಿರುತ್ತದೆ. ಆಗ ನನಗಾಗುವ ಸಂಕಟವನ್ನು ಮುಚ್ಚಿಟ್ಟು ಬರೆಯಲು ಸಾಧ್ಯವಿಲ್ಲ.

ಆದರೂ ನಿಮ್ಮ ಹಿರಿಯರ ಭಯವನ್ನು ಬರೀ ಮೂಢನಂಬಿಕೆಯೆಂದು ತಳ್ಳಿಹಾಕುವುದಿಲ್ಲ, ಏಕೆಂದರೆ ಶಸ್ತ್ರವೈದ್ಯರೇ ಈ ಭಯವನ್ನು ಹೊತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಅದರ ಬೆನ್ನುಹತ್ತಿದ್ದಾರೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಕಂಡಕಂಡಲ್ಲಿ ಹರಡದೆ ಕೆಲವು ಅಂಗಗಳಲ್ಲಿಯೇ ಹೆಚ್ಚಾಗಿ ಬೇರೂರುವುದನ್ನು ಗುರುತಿಸಿದರು. ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ವಿವರಣೆ. ಬೇಸಾಯ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1970ರಲ್ಲಿ ಕ್ಯಾನ್ಸರ್ ಸಂಶೋಧಕ ಐಸಾಯಾ ಫಿಡ್ಲರ್ ಅವರು ವಿಕಿರಣಶೀಲ ಗುರುತು ಹಾಕಿದ ಕ್ಯಾನ್ಸರ್ ಜೀವಕೋಶಗಳನ್ನು ಇಲಿಗಳ ರಕ್ತಕ್ಕೆ ನೇರವಾಗಿ ಸೇರಿಸಿ ಎಣಿಸುತ್ತಾ ಹೋದಾಗ, 24 ಗಂಟೆಗಳ ನಂತರ ಬದುಕುಳಿದವು ಶೇಕಡ 1ಕ್ಕಿಂತಲೂ ಕಡಿಮೆ; ಅವುಗಳಲ್ಲಿಯೂ ಗಡ್ಡೆಯಾಗಿ ಬೆಳೆದವು ಬೆರಳೆಣಿಕೆಯಷ್ಟು. ಸೂಜಿ ಮುಟ್ಟದಿದ್ದರೂ ಗಡ್ಡೆಯಿಂದ ಜೀವಕೋಶಗಳು ಕಳಚಿ ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಕಳಚಿದ ಕೋಶ ಇನ್ನೊಂದು ಅಂಗದಲ್ಲಿ ನೆಲೆಯೂರುವುದು ಬಹಳ ಕಷ್ಟ, ಆದರೆ ಗಡ್ಡೆ ಒಳಗೆ ಇರುವಷ್ಟು ದಿನವೂ ಆ ಪ್ರಯತ್ನ ನಿಲ್ಲುವುದಿಲ್ಲ. ಹಾಗಾಗಿ ಬಯಾಪ್ಸಿಯನ್ನು ಮುಂದೂಡುವುದರಿಂದ ಹರಡುವಿಕೆ ತಪ್ಪುವುದಿಲ್ಲ, ಅದಕ್ಕೆ ಸಮಯ ಸಿಗುತ್ತದೆ.

ರೋಗಿಗಳ ಮೇಲಿನ ಅಧ್ಯಯನಗಳೂ ಇವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,034 ಅಮೆರಿಕನ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ವರದಿಯಲ್ಲಿ, ಮೊದಲು ಸೂಜಿ ಪರೀಕ್ಷೆ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಬೇಗ ಸಾಯಲಿಲ್ಲ. ಸೂಜಿಯಿಂದ ಆಯುಷ್ಯ ಹೆಚ್ಚಿತೆಂದು ಇದರಿಂದ ತೀರ್ಮಾನಿಸಲಾಗದು. ಕಡಿಮೆಯಾಗಲಿಲ್ಲವೆಂಬುದಷ್ಟೇ ನನಗೆ ಬೇಕಾದ ಮಾತು.

ಎಲ್ಲ ಗಂಟುಗಳಿಗೂ ಕಣ್ಣುಮುಚ್ಚಿ ಸೂಜಿ ಹಾಕಬಹುದೇ ಎಂದರೆ, ಖಂಡಿತ ಇಲ್ಲ. ವೃಷಣದ ಗಡ್ಡೆಗೆ ಚೀಲದ ಚರ್ಮದ ಮೂಲಕ ಸೂಜಿ ಹಾಕಬಾರದು. ತೊಡೆಸಂದಿಯ ಮೂಲಕ ವೃಷಣವನ್ನೇ ತೆಗೆದು ಪರೀಕ್ಷಿಸಬೇಕು. ಅಂಡಾಶಯಕ್ಕೆ ಸೀಮಿತವಾಗಿರುವ ಸಂಶಯಾಸ್ಪದ ನೀರುಗಡ್ಡೆಯನ್ನು ಚುಚ್ಚಿ ಒಡೆಯಬಾರದು. ಯಕೃತ್ತಿನ ಕ್ಯಾನ್ಸರಿನಲ್ಲಿ ಸೂಜಿಯ ದಾರಿಯಲ್ಲಿ ರೋಗ ಬೆಳೆದಿರುವುದು ನೂರರಲ್ಲಿ ಎರಡು ಮೂರು ಮಂದಿಯಲ್ಲಿ ವರದಿಯಾಗಿದೆ. ಸಿರೋಸಿಸ್‌ನಿಂದ ಗಾಯಗಟ್ಟಿ ಗಡುಸಾದ ಯಕೃತ್ತಿನಲ್ಲಿ ಸಿ.ಟಿ. ಸ್ಕ್ಯಾನಿನ ಲಕ್ಷಣಗಳಿಂದಲೇ ಅನೇಕ ವೇಳೆ ರೋಗನಿರ್ಣಯ ಸಾಧ್ಯವಿರುವುದರಿಂದ ಅಲ್ಲಿ ಸೂಜಿಯನ್ನು ತಪ್ಪಿಸುತ್ತೇವೆ. ಕೈಕಾಲುಗಳ ಆಳದ ಗಡ್ಡೆಗೆ, ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಸೂಜಿಯ ದಾರಿಯನ್ನು ನಿಶ್ಚಯಿಸಬೇಕು. ಈ ವಿಷಯದಲ್ಲಿ ನಾನು ಅತಿಯೆನಿಸುವಷ್ಟು ಹಟ ಹಿಡಿಯುತ್ತೇನೆ. ಕೊಬ್ಬಿನ ಗಂಟೆಂದು ಹೇಳಿ ಸಣ್ಣ ಕ್ಲಿನಿಕ್ಕಿನಲ್ಲಿ ಕೊಯ್ದು, ತೆಗೆದ ತುಂಡನ್ನು ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿ ಹಾಕಿ ಪರೀಕ್ಷೆಗೆ ಕಳುಹಿಸದೆ ಕಸದ ಬುಟ್ಟಿಗೆ ಎಸೆಯುವವರು ಈಗಲೂ ಇದ್ದಾರೆ. ಅದೇ ಜಾಗದಲ್ಲಿ ಗಂಟು ಮತ್ತೆ ಎದ್ದಾಗ ನನ್ನ ಬಳಿ ಬರುವ ರೋಗಿಗೆ ಒಂದು ಚೀಟಿಯೂ ಇರುವುದಿಲ್ಲ. ಹಿರಿಯರು ಭಯಪಡಬೇಕಾದದ್ದು ಇದಕ್ಕೆ.

ಸೂಜಿಯ ಮಾತು ಹೀಗಾದರೆ, ಶಸ್ತ್ರಚಿಕಿತ್ಸೆಯಲ್ಲಿಯೂ ವಿಧಾನ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಆರಂಭಿಕ ಗರ್ಭಕಂಠದ ಕ್ಯಾನ್ಸರಿಗೆ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಗಿಂತ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಮಾಡುವುದೇ ಮೇಲೆಂದು ನಾವೆಲ್ಲ ನಂಬಿದ್ದೆವು. 2018ರಲ್ಲಿ ಪ್ರಕಟವಾದ, 631 ಮಹಿಳೆಯರ ಪ್ರಯೋಗದಲ್ಲಿ ನಾಲ್ಕೂವರೆ ವರ್ಷಗಳ ನಂತರ ರೋಗವಿಲ್ಲದೆ ಉಳಿದವರು ತೆರೆದ ವಿಧಾನದಲ್ಲಿ ಶೇಕಡ 96.5, ರಂಧ್ರದ ವಿಧಾನದಲ್ಲಿ ಶೇಕಡ 86. ನಮ್ಮ ನಂಬಿಕೆ ತಪ್ಪಾಗಿತ್ತು. ಇನ್ನೊಂದು ಪ್ರಯೋಗ ನಮ್ಮ ದೇಶದ್ದೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ಸಹೋದ್ಯೋಗಿಗಳು, ಗಂಟನ್ನು ತೆಗೆಯುವ ಹೊತ್ತಿನಲ್ಲಿ ಕೋಶಗಳು ಚುರುಕುಗೊಳ್ಳುವುದಾದರೆ ಅದನ್ನು ತಡೆಯಬಹುದೇ ಎಂದು 1,600 ಮಹಿಳೆಯರಲ್ಲಿ ಪರೀಕ್ಷಿಸಿದರು. ಸ್ತನದ ಗಂಟನ್ನು ತೆಗೆಯುವ ಏಳರಿಂದ ಹತ್ತು ನಿಮಿಷ ಮೊದಲು ಅದರ ಸುತ್ತ, ಹಲ್ಲು ಕೀಳುವಾಗಲೂ ಬಳಸುವ ಲಿಗ್ನೋಕೇನ್ ಚುಚ್ಚುಮದ್ದನ್ನು ಕೊಟ್ಟರು. 2023ರ ವರದಿಯಂತೆ ಐದು ವರ್ಷಗಳ ನಂತರ ಬದುಕಿದ್ದವರು ಶೇಕಡ 90.1; ಚುಚ್ಚುಮದ್ದಿಲ್ಲದ ಗುಂಪಿನಲ್ಲಿ ಶೇಕಡ 86.4. ಹಿರಿಯರು ಬಾಯಿಮಾತಿನಲ್ಲಿ ಹೇಳಿದ ಸಂಶಯವನ್ನು ಇವರು ಅಳೆದು ನೋಡಿದರು, ಮತ್ತು ಅದಕ್ಕೆ ದೊರೆತ ಪರಿಹಾರ ಅಗ್ಗದ ಒಂದು ಚುಚ್ಚುಮದ್ದೇ ಹೊರತು ಶಸ್ತ್ರಚಿಕಿತ್ಸೆಯನ್ನು ಬಿಡುವುದಲ್ಲ.

ನಿಮ್ಮೂರಿನವರು ಮೂರು ತಿಂಗಳಲ್ಲಿ ತೀರಿಕೊಂಡರು ಎಂದಿರಿ. ಅವರ ವರದಿಗಳನ್ನು ನಾನು ನೋಡಿಲ್ಲ. ಆದರೆ ಮೂರು ತಿಂಗಳಲ್ಲಿ ಪ್ರಾಣ ತೆಗೆಯುವಷ್ಟು ರೋಗ ಸಾಮಾನ್ಯವಾಗಿ ಸೂಜಿ ಹಾಕುವ ದಿನವೇ ಯಕೃತ್ತನ್ನೋ ಶ್ವಾಸಕೋಶವನ್ನೋ ಸೇರಿರುತ್ತದೆ. ಮನೆಯವರಿಗೆ ತಿಳಿದದ್ದು ಆ ದಿನ, ಅಷ್ಟೆ. ಅತ್ತಿಗೆಗೆ ದಪ್ಪ ಸೂಜಿಯ ಬಯಾಪ್ಸಿಯನ್ನೇ ಮಾಡಿಸಿ, ಗಡ್ಡೆಯ ಕೋಶಗಳಲ್ಲಿ ಹಾರ್ಮೋನಿನ ಗ್ರಾಹಕಗಳಿವೆಯೇ, ಹರ್-2 ಪ್ರೋಟೀನ್ ಹೆಚ್ಚಿದೆಯೇ ಎಂದು ತಿಳಿಸುವ ಇ.ಆರ್., ಪಿ.ಆರ್., ಹರ್-2 ಪರೀಕ್ಷೆಗಳ ವರದಿಯನ್ನೂ ಕೇಳಿ ಪಡೆಯಿರಿ. ಕ್ಯಾನ್ಸರ್ ಹೌದಾದರೆ ಚಿಕಿತ್ಸೆಯ ದಾರಿ ಅದರ ಮೇಲೆಯೇ ನಿಂತಿದೆ. ಗಂಟಿಗೆ ಲೇಪ ಹಚ್ಚಿ ಸುಡುವವರ, ತಿಕ್ಕಿ ಕರಗಿಸುವೆನೆನ್ನುವವರ ಬಳಿ ಒಂದು ದಿನವನ್ನೂ ಕಳೆಯಬೇಡಿ.

ಪ್ರಶ್ನೆ: ತಂದೆಯ ನಾಲಿಗೆಯಲ್ಲಿ ಸಣ್ಣ ಹುಣ್ಣು, ಕ್ಯಾನ್ಸರ್ ಎಂದು ಖಚಿತವಾಗಿದೆ. ಕುತ್ತಿಗೆಯಲ್ಲಿ ಗಂಟಿಲ್ಲದಿದ್ದರೂ ಅಲ್ಲಿನ ದುಗ್ಧರಸ ಗ್ರಂಥಿಗಳನ್ನು ತೆಗೆಯಬೇಕೆನ್ನುತ್ತಾರೆ. ಹಣಕ್ಕಾಗಿಯೇ?

ಉತ್ತರ: ಅಲ್ಲ. ಗಂಟು ಕಾಣಿಸಿದ ಮೇಲೆ ತೆಗೆದರಾಯಿತು ಎಂಬ ವಾದವನ್ನೂ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೇ ಪರೀಕ್ಷಿಸಲಾಗಿದೆ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರಂಭಿಕ ಹಂತದ ಬಾಯಿ ಕ್ಯಾನ್ಸರಿನಲ್ಲಿ ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಬದುಕಿದ್ದವರು ಶೇಕಡ 80, ಕಾದವರಲ್ಲಿ ಶೇಕಡ 67.5. ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳಿ, ಗುಟ್ಕಾ ಹಾಕುತ್ತಿದ್ದರೆ ಅದು ಇಂದೇ ನಿಲ್ಲಲಿ.

ಪ್ರಶ್ನೆ: ಲಕ್ಷ್ಮಣ ಫಲ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆಯಂತೆ?

ಉತ್ತರ: ಗಾಜಿನ ತಟ್ಟೆಯಲ್ಲಿರುವ ಕೋಶಗಳನ್ನು ಉಪ್ಪುನೀರೂ ಕೊಲ್ಲುತ್ತದೆ.

ಪ್ರಶ್ನೆ: ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಕರಗುವುದೇ?

ಉತ್ತರ: ಇಲ್ಲ, ಕರಗುವುದು ರೋಗಿಯ ಮೈ.

ಪ್ರಶ್ನೆ: ಅಮ್ಮನನ್ನು ಒಂದು ಕ್ಲಿನಿಕಲ್ ಪ್ರಯೋಗಕ್ಕೆ ಸೇರಿಸಲು ಕೇಳಿದ್ದಾರೆ. ನಮ್ಮನ್ನು ಇಲಿಗಳಂತೆ ಬಳಸುತ್ತಾರೆಯೇ?

ಉತ್ತರ: ಮೇಲೆ ಹೇಳಿದ ಪ್ರಯೋಗಗಳೆಲ್ಲ ನಿಮ್ಮಮ್ಮನಂತಹವರು ಒಪ್ಪಿದ್ದರಿಂದಲೇ ನಡೆದವು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ತಂದು ಓದಿ. ನೈತಿಕ ಸಮಿತಿಯ ಅನುಮತಿ ಇದೆಯೇ, ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಅದರ ಸಂಖ್ಯೆ ಏನು, ಹೊಸ ವಿಧಾನದ ಗುಂಪಿಗೆ ಅವರು ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು, ತೊಂದರೆಯಾದರೆ ವೆಚ್ಚ ಯಾರದು ಎಂದು ವಿಚಾರಿಸಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ಅವರಿಗಿದೆ, ಅದರಿಂದ ಮಾಮೂಲು ಚಿಕಿತ್ಸೆ ನಿಲ್ಲಬಾರದು. ನೋಂದಣಿ ಸಂಖ್ಯೆ ಹೇಳಲು ತಡವರಿಸುವವರ ಕಾಗದಕ್ಕೆ ಸಹಿ ಹಾಕಬೇಡಿ.