ಜಾಮ್ ರ್‍ಯಾಂಕ್ ಬಂದಿದೆ, ಐದನೇ ಸೆಮಿಸ್ಟರಿನ ಒಂದು ಪೇಪರ್ ಬಾಕಿ ಇದೆ. ಎಂ.ಎಸ್ಸಿಗೆ ಸೇರಬಹುದೇ?

ನೀವು ಕೇಳಿರೋದನ್ನ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಬಿ.ಎಸ್ಸಿ ಕೊನೆಯ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಫೆಬ್ರವರಿಯಲ್ಲಿ ಜಾಮ್ (ಐಐಟಿಗಳ ಎಂ.ಎಸ್ಸಿ ಪ್ರವೇಶ ಪರೀಕ್ಷೆ) ಬರೆದಿದ್ದೀರಿ, ಸಾಧಾರಣ ರ್‍ಯಾಂಕ್ ಬಂದಿದೆ. ಅದರ ಬೆನ್ನಿಗೇ ಐದನೇ ಸೆಮಿಸ್ಟರಿನ ರಿಸಲ್ಟ್ ಬಂದು ಮ್ಯಾಥ್ಸಿನ ಒಂದು ಪೇಪರ್ ಹೋಗಿದೆ. ಐಐಟಿ ಕಡೆಯಿಂದ ಸೀಟು ಬಂದರೆ ಸೇರಬಹುದಾ, ಇಲ್ಲಾಂದ್ರೆ ನಮ್ಮ ರಾಜ್ಯದ ವಿ.ವಿ.ಗಳಲ್ಲಾದರೂ ಸಿಗುತ್ತಾ, ಅಲ್ಲಿ ಪರೀಕ್ಷೆಗಳು ಹೇಗಿರುತ್ತವೆ, ವರ್ಷ ಹಾಳಾಗುತ್ತಾ ಅಂತ.

ಸೇರಬಹುದು. ಒಂದು ಪೇಪರ್ ಹೋಯಿತು ಅನ್ನೋ ಕಾರಣಕ್ಕೆ ಯಾರೂ ಬಾಗಿಲು ಹಾಕಲ್ಲ. ಆದರೆ ಆ ಪೇಪರ್ ಪಾಸಾಗಿದೆ ಅಂತ ಹೇಳೋ ಕಾಗದ ಯಾವ ತಾರೀಖಿಗೆ ನಿಮ್ಮ ಕೈಗೆ ಬರುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಇದನ್ನ ನಾನು ಪುಸ್ತಿಕೆ ಓದಿ ಹೇಳ್ತಾ ಇಲ್ಲ, ಸೀಟು ಕಳಕೊಂಡು ಹೇಳ್ತಾ ಇದೀನಿ.

2016ರಲ್ಲಿ ನನ್ನದೂ ಥೇಟ್ ಇದೇ ಕತೆ. ಜಾಮ್ ಫಿಸಿಕ್ಸ್ ಬರೆದೆ, ಸೀಟು ಬಂತು, ತಾತ್ಕಾಲಿಕ ಪ್ರವೇಶವೂ ಆಯಿತು. ಐದನೇ ಸೆಮಿಸ್ಟರಿನ ಬಾಕಿ ಪೇಪರನ್ನು ಆರನೆಯದರ ಜೊತೆಗೇ ಬರೆದಿದ್ದೆ, ಚೆನ್ನಾಗೇ ಬರೆದಿದ್ದೆ. ಜುಲೈಯಲ್ಲಿ ಆರನೇ ಸೆಮಿಸ್ಟರಿನ ರಿಸಲ್ಟ್ ಬಂತು. ಎಲ್ಲ ಪೇಪರಲ್ಲೂ ಒಳ್ಳೆ ಅಂಕ, ಆದರೆ ಕೆಳಗೆ ಫಲಿತಾಂಶ ಅನ್ನೋ ಜಾಗದಲ್ಲಿ ಕ್ಲಾಸಿನ ಬದಲು ಮೂರಕ್ಷರ: ಎನ್‌ಸಿಎಲ್. ಕೆಳಗಿನ ಸೆಮಿಸ್ಟರ್ ಇನ್ನೂ ತೀರಿಲ್ಲ ಅಂತ ಅದರ ಅರ್ಥ. ರಿಪೀಟರ್ಸ್, ಅಂದರೆ ಬಾಕಿ ಪೇಪರ್ ಮತ್ತೆ ಬರೆದವರ ಉತ್ತರಪತ್ರಿಕೆಗಳ ಮೌಲ್ಯಮಾಪನ ಬೇರೆಯಾಗಿ ನಡೀತಿತ್ತು. ಪರೀಕ್ಷಾ ವಿಭಾಗದ ಕಿಟಕಿ ಮುಂದೆ ಆಗಸ್ಟಿನಲ್ಲಿ ಎರಡು ಸಲ, ಸೆಪ್ಟೆಂಬರಿನಲ್ಲಿ ಮೂರು ಸಲ ನಿಂತೆ. ಒಳಗಿದ್ದವರು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟರು, ‘ಮುಂದಿನ ವಾರ’. ರಿಸಲ್ಟ್ ಬಂದಿದ್ದು ಅಕ್ಟೋಬರಿನಲ್ಲಿ. ನೂರಕ್ಕೆ ಎಂಬತ್ತೊಂದು ತೆಗೆದಿದ್ದೆ. ಪಾಸಾದ ಕಾಗದ ಐಐಟಿಗೆ ಕೊಡೋ ಗಡುವು ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು.

ಆದ್ದರಿಂದ ನೀವು ಈಗಲೇ, ಸೀಟು ಹಂಚಿಕೆಯ ಮೊದಲ ಪಟ್ಟಿ ಬರೋಕೆ ಮುಂಚೆ, ಒಂದು ವಿಷಯ ವಿಚಾರಿಸಿಕೊಳ್ಳಿ: ನಿಮ್ಮ ವಿ.ವಿ.ಯಲ್ಲಿ ಐದನೇ ಸೆಮಿಸ್ಟರಿನ ರಿಪೀಟರ್ ಪರೀಕ್ಷೆಯನ್ನು ಆರನೆಯದರ ಜೊತೆ ಮಾಡ್ತಾರಾ, ಇಲ್ಲವಾ? ಬೆಸ ಸೆಮಿಸ್ಟರಿನ ಪೇಪರುಗಳನ್ನು ಬೆಸ ಸೆಮಿಸ್ಟರಿನ ಪರೀಕ್ಷೆ ಬಂದಾಗ ಮಾತ್ರ ಮಾಡೋ ಪದ್ಧತಿ ಎಷ್ಟೋ ಕಡೆ ಇದೆ. ಹಾಗಿದ್ದರೆ ನಿಮ್ಮ ಪೇಪರ್ ಬರೋದೇ ಡಿಸೆಂಬರ್–ಜನವರಿಗೆ. ಆಗ ಈ ವರ್ಷದ ಐಐಟಿ ಸೀಟು ಕೈಗೆ ಸಿಗಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ. ಕೊನೆಯ ವರ್ಷದವರಿಗೆ ಅಂತ ವಿಶೇಷ ಪೂರಕ ಪರೀಕ್ಷೆ ಮಾಡೋ ವಿ.ವಿ.ಗಳೂ ಇವೆ. ನಿಮ್ಮ ಕಾಲೇಜಿನ ಆಫೀಸಿನವರಿಗೆ ಇದು ಗೊತ್ತಿರುತ್ತೆ, ಮೇಷ್ಟರಿಗಿಂತ ಚೆನ್ನಾಗಿ ಗೊತ್ತಿರುತ್ತೆ. ಜೊತೆಗೆ ರೀವ್ಯಾಲ್ಯುಯೇಷನ್ನಿಗೂ ಹಾಕಿಬಿಡಿ, ಮೊದಲು ಉತ್ತರಪತ್ರಿಕೆಯ ಫೋಟೊಕಾಪಿ ತರಿಸಿಕೊಂಡು. ಒಂದು ಲೆಕ್ಕಕ್ಕೆ ಅಂಕವೇ ಹಾಕದೆ ಪುಟ ತಿರುಗಿಸಿದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ.

ಇನ್ನು ಜಾಮ್ ಬಗ್ಗೆ. 2004ರಿಂದ ನಡೆದುಕೊಂಡು ಬಂದಿರೋ ಪರೀಕ್ಷೆ, ಐಐಟಿಗಳಲ್ಲಿ ಈಗ ಸುಮಾರು 3,000 ಸೀಟು. ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಇದೇ ಅಂಕ ನಡೆಯುತ್ತೆ. ಎನ್‌ಐಟಿ ಮುಂತಾದವುಗಳಿಗೆ ಸಿಸಿಎಂಎನ್ ಅನ್ನೋ ಪ್ರತ್ಯೇಕ ಕೌನ್ಸೆಲಿಂಗ್ ಇದೆ, ಅದಕ್ಕೆ ಬೇರೆಯೇ ನೋಂದಣಿ ಮಾಡಬೇಕು. ನಿಮ್ಮ ರ್‍ಯಾಂಕ್ ಸಾಧಾರಣ ಅಂದಿರಲ್ಲ, ಹಾಗಾಗಿ ಈ ಸಿಸಿಎಂಎನ್ ನಿಮಗೆ ಮುಖ್ಯ. ಜಾಮ್ ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದೀನಲ್ಲ ಅಂತ ಸುಮ್ಮನೆ ಕೂತು ಸುರತ್ಕಲ್ ಎನ್‌ಐಟಿ ತಪ್ಪಿಸಿಕೊಂಡವರು ನನಗೇ ಇಬ್ಬರು ಗೊತ್ತು.

ಅರ್ಹತೆಯ ವಿಷಯದಲ್ಲಿ ನಮ್ಮವರು ಎಡವೋ ಜಾಗ ಎರಡು.

ಮೊದಲನೆಯದು ಶೇಕಡಾವಾರು. ನಮ್ಮ ರಾಜ್ಯದ ವಿ.ವಿ.ಗಳು ಎಂ.ಎಸ್ಸಿಗೆ ಸೇರಿಸಿಕೊಳ್ಳುವಾಗ ಸಾಮಾನ್ಯವಾಗಿ ಐಚ್ಛಿಕ ವಿಷಯದ ಅಂಕ ನೋಡ್ತಾರೆ. ಫಿಸಿಕ್ಸಿಗೆ ಸೇರೋನ ಕನ್ನಡದ ಅಂಕ ಅಲ್ಲಿ ಯಾರಿಗೂ ಬೇಡ. ಆದರೆ ಜಾಮ್ ಪುಸ್ತಿಕೆಯಲ್ಲಿ ವರ್ಷಗಟ್ಟಲೆ ಇದ್ದ ನಿಯಮ ಬೇರೆ: ಭಾಷೆಗಳೂ ಸೇರಿ ಎಲ್ಲ ವಿಷಯ, ಎಲ್ಲ ವರ್ಷ ಕೂಡಿಸಿ ಶೇ. 55, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ. 50, ಅದೂ ರೌಂಡ್ ಆಫ್ ಮಾಡದೆ. 54.9 ಅಂದರೆ 54.9, ಅಷ್ಟೇ. ಕನಿಷ್ಠ ಅಂಕ ಎಷ್ಟು ಅನ್ನೋದನ್ನ ಆಯಾ ಸಂಸ್ಥೆಯ ಪ್ರವೇಶ ಪುಟದಲ್ಲೇ ನೋಡಿ, ಹಳೇ ಪುಸ್ತಿಕೆ ನಂಬಿಕೊಂಡು ಕೂರಬೇಡಿ. ಬಾಕಿ ಪೇಪರಿನಲ್ಲಿ ಬರೀ ಪಾಸು ಮಾಡಿದರೆ ಸಾಕು ಅಂದುಕೊಂಡಿದ್ದರೆ ಒಂದು ಸಲ ಒಟ್ಟು ಕೂಡಿಸಿ ನೋಡಿ. ನಿಮ್ಮ ಅಂಕಪಟ್ಟಿಯಲ್ಲಿ ಸಿಜಿಪಿಎ ಇದ್ದರೆ, ಅದನ್ನು ಶೇಕಡಾಕ್ಕೆ ಹೇಗೆ ತಿರುಗಿಸೋದು ಅಂತ ನಿಮ್ಮ ವಿ.ವಿ.ಯಿಂದಲೇ ಪತ್ರ ತಗೊಳ್ಳಿ. ಹತ್ತರಿಂದ ಗುಣಿಸೋದು ಎಲ್ಲ ಕಡೆ ನಡೆಯಲ್ಲ.

ಎರಡನೆಯದು ಜಾತಿ ಪ್ರಮಾಣಪತ್ರ. ಇಲ್ಲೂ ಅದೇ ಎನ್‌ಸಿಎಲ್ ಮೂರಕ್ಷರ ಬರುತ್ತೆ, ಅರ್ಥ ಮಾತ್ರ ಬೇರೆ, ಕೆನೆಪದರಕ್ಕೆ ಸೇರದವರು ಅಂತ. (ನನ್ನ ಜೀವನದಲ್ಲಿ ಎರಡೂ ಎನ್‌ಸಿಎಲ್ ಕಾಟ ಕೊಟ್ಟಿವೆ.) ನಿಮ್ಮ ಹತ್ತಿರ ಇರೋ 2ಎ ಅಥವಾ 3ಬಿ ಸರ್ಟಿಫಿಕೇಟ್ ರಾಜ್ಯದ್ದು. ಕೇಂದ್ರದ ಸಂಸ್ಥೆಗೆ ಕೇಂದ್ರದ ನಮೂನೆಯಲ್ಲಿ, ಕೇಂದ್ರದ ಪಟ್ಟಿಯ ಪ್ರಕಾರ, ಈ ವರ್ಷಕ್ಕೆ ಹೊಸದಾಗಿ ಮಾಡಿಸಿದ್ದೇ ಬೇಕು. ರಾಜ್ಯದ ಹಿಂದುಳಿದ ಪಟ್ಟಿಯಲ್ಲಿರೋ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಅಲ್ಲಿ ಇಲ್ಲದಿದ್ದರೆ, ಮನೆಯ ಆದಾಯ 8 ಲಕ್ಷದೊಳಗಿದ್ದು ಆಸ್ತಿಯ ಮಿತಿಗೂ ಒಳಪಟ್ಟರೆ, ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು ಅನ್ನೋ) ಪ್ರಮಾಣಪತ್ರ ಮಾಡಿಸಬಹುದು. ನಾಡಕಚೇರಿಯಲ್ಲಿ ‘ಜಾತಿ ಆದಾಯ’ ಅಂತಷ್ಟೇ ಕೇಳಿದರೆ ರಾಜ್ಯದ್ದನ್ನೇ ಕೊಟ್ಟು ಕಳಿಸ್ತಾರೆ. ‘ಸೆಂಟ್ರಲ್ ಒಬಿಸಿ’ ಅಂತ ಬಾಯಿಬಿಟ್ಟು ಕೇಳಬೇಕು, ನಮೂನೆಯ ಪ್ರಿಂಟ್ ಕೈಯಲ್ಲಿದ್ದರೆ ಇನ್ನೂ ಒಳ್ಳೇದು.

ಐಐಟಿ ಕೈತಪ್ಪಿದರೆ ಕೇಂದ್ರೀಯ ವಿ.ವಿ.ಗಳಿಗೆ ಸಿಯುಇಟಿ-ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಇದೆ, 2022ರಲ್ಲಿ ಶುರುವಾಗಿದ್ದು. ಕಲಬುರಗಿ ಹತ್ತಿರ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿ.ವಿ.ಗೂ ಅದೇ ದಾರಿ. ನೀವು ಈ ಸಲ ಅದನ್ನ ಬರೆದಿಲ್ಲ ಅಂತ ಕಾಣುತ್ತೆ, ಬರೆದಿದ್ದರೆ ಹೇಳ್ತಿದ್ದಿರಿ.

ರಾಜ್ಯದ ವಿ.ವಿ.ಗಳ ಅಧಿಸೂಚನೆ ಡಿಗ್ರಿ ರಿಸಲ್ಟ್ ಬಂದ ಮೇಲೆ ಬರುತ್ತೆ. ಹಾಗಾಗಿ ತಡವಾಗಿ ಬರೋ ರಿಸಲ್ಟಿನ ವಿಷಯದಲ್ಲಿ ಅವು ಸ್ವಲ್ಪ ಉದಾರಿ, ಎಲ್ಲರ ಗಡಿಯಾರವೂ ಅಲ್ಲಿ ಒಟ್ಟಿಗೇ ನಿಧಾನ. ಕೆಲವು ಕಡೆ ಪ್ರವೇಶ ಪರೀಕ್ಷೆ ಮತ್ತು ಡಿಗ್ರಿ ಅಂಕ ಎರಡನ್ನೂ ಸೇರಿಸಿ ಮೆರಿಟ್ ಪಟ್ಟಿ ಮಾಡ್ತಾರೆ, ಕೆಲವು ಕಡೆ ಡಿಗ್ರಿ ಅಂಕ ಮಾತ್ರ. ಮೆರಿಟ್ ಸೀಟು ಬೇರೆ, ಪೇಮೆಂಟ್ ಸೀಟು ಬೇರೆ, ಫೀಸಿನಲ್ಲಿ ದೊಡ್ಡ ವ್ಯತ್ಯಾಸ. ಕಲ್ಯಾಣ ಕರ್ನಾಟಕದವರಾದರೆ 371(ಜೆ) ಪ್ರಮಾಣಪತ್ರ ಮರೆಯಬೇಡಿ. ಆ ಭಾಗದ ವಿ.ವಿ.ಗಳಲ್ಲಿ ಶೇ. 70, ಉಳಿದ ಕಡೆ ಶೇ. 8 ಸೀಟು ಸ್ಥಳೀಯರಿಗೆ ಅಂತ ಮೀಸಲು. ನಾನು ಕೊನೆಗೆ ಓದಿದ್ದು ರಾಜ್ಯದ ವಿ.ವಿ.ಯಲ್ಲೇ, ಒಂದು ವರ್ಷ ಟ್ಯೂಷನ್ ಹೇಳಿಕೊಂಡು ಕಳೆದ ಮೇಲೆ. ಅದರ ಬಗ್ಗೆ ನನಗೆ ದೂರಿಲ್ಲ. ಒಳ್ಳೆ ಮೇಷ್ಟರು ಸಿಕ್ಕರು, ಲ್ಯಾಬಿನಲ್ಲಿ ಉಪಕರಣ ಮಾತ್ರ ಹಳೇವು.

ಈಗ ಎಂ.ಎಸ್ಸಿ ಪರೀಕ್ಷೆಯ ವಿಷಯ. ಬಿ.ಎಸ್ಸಿಯಲ್ಲಿ ನಾವೆಲ್ಲ ಇಂಟರ್ನಲ್ಸ್ ಅಂದರೆ ಮೇಷ್ಟರು ಕೊಟ್ಟುಬಿಡೋ ಅಂಕ ಅಂದುಕೊಂಡಿರ್ತೀವಿ. ಎಂ.ಎಸ್ಸಿಯಲ್ಲಿ ಅದು ಕುತ್ತಿಗೆಗೆ ಬರುತ್ತೆ. ಮೈಸೂರು ವಿ.ವಿ.ಯ ಹುಡುಗರು ಸಿ-1, ಸಿ-2, ಸಿ-3 ಅಂತ ಮಾತಾಡೋದು ಕೇಳಿರಬಹುದು. ಮೊದಲಿನ ಎರಡು ಇಂಟರ್ನಲ್ಸ್, ಸೆಮಿಸ್ಟರ್ ನಡೀತಿರೋವಾಗಲೇ ಆಗೋವು, ಮೂರನೆಯದು ಕೊನೆಯ ಪರೀಕ್ಷೆ. ಹೆಸರು ಬೇರೆ ಬೇರೆ ಇದ್ದರೂ ಎಲ್ಲ ಕಡೆ ರಚನೆ ಹೆಚ್ಚುಕಮ್ಮಿ ಇದೇ. ಸೆಮಿಸ್ಟರ್ ಪರೀಕ್ಷೆ ಹೋದರೆ ಮತ್ತೆ ಬರೆಯಬಹುದು. ಇಂಟರ್ನಲ್ಸನ್ನ ಹಾಗೆ ಮತ್ತೆ ಬರೆಯೋಕೆ ಬಹಳ ಕಡೆ ಅವಕಾಶ ಇಲ್ಲ, ಬಂದಷ್ಟು ಅಂಕವೇ ಕೊನೇವರೆಗೂ ಜೊತೆಗೆ ಬರುತ್ತೆ. ಹಾಜರಾತಿ ಶೇ. 75 ಇಲ್ಲದಿದ್ದರೆ ಹಾಲ್ ಟಿಕೆಟ್ಟೇ ಇಲ್ಲ, ಆ ಸೆಮಿಸ್ಟರನ್ನೇ ಮತ್ತೆ ಓದಬೇಕು. ನೀವು ಹೆದರಿರೋ ‘ವರ್ಷ ಹಾಳು’ ನಿಜವಾಗಿ ಆಗೋದು ಇಲ್ಲಿ. ಒಂದು ಥಿಯರಿ ಪೇಪರ್ ಹೋದರೆ ಅಲ್ಲ, ಅದನ್ನು ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು.

ಉತ್ತರಪತ್ರಿಕೆಯನ್ನು ಇಬ್ಬರು ನೋಡೋ ಪದ್ಧತಿ ನಮ್ಮ ಬಹಳ ವಿ.ವಿ.ಗಳ ಪಿಜಿಯಲ್ಲಿದೆ, ಒಬ್ಬರು ಒಳಗಿನವರು, ಒಬ್ಬರು ಹೊರಗಿನವರು. ಇಬ್ಬರ ಅಂಕದ ನಡುವೆ ಅಂತರ ಮಿತಿ ಮೀರಿದರೆ ಮೂರನೆಯವರಿಗೆ ಹೋಗುತ್ತೆ. ಇದೇ ಕಾರಣಕ್ಕೆ ಪಿಜಿಗೆ ರೀವ್ಯಾಲ್ಯುಯೇಷನ್ ಇಲ್ಲ ಅಂತ ಹಲವು ಕಡೆ ನಿಯಮವೇ ಇದೆ. ಡಿಗ್ರಿಯಲ್ಲಿ ಹಾಕಿದ ಹಾಗೆ ಹಾಕಿದರಾಯಿತು ಅಂದುಕೊಂಡು ಇರಬೇಡಿ.

ಪ್ರಾಕ್ಟಿಕಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪಿಜಿಯಲ್ಲಿ ನನ್ನ ಮೊದಲ ಪೆಟ್ಟು ಅಲ್ಲೇ. ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಮೇಜಿನ ಮೇಲೆ ಚೀಟಿ ಮಡಚಿ ಇಟ್ಟಿದ್ದರು. ಎತ್ತಿದೆ, ಸೋಡಿಯಂ ದೀಪ ಬೇಕಾಗೋ ಪ್ರಯೋಗ ಬಂತು. ಗೊತ್ತಿದ್ದ ಪ್ರಯೋಗವೇ, ಖುಷಿಯಲ್ಲಿ ಸೂತ್ರ, ಅಂಕಿಅಂಶದ ಪಟ್ಟಿ, ಚಿತ್ರ ಎಲ್ಲ ಚೆಂದವಾಗಿ ಬರೆದು ಮುಗಿಸಿ ಆಮೇಲೆ ದೀಪ ಹಾಕಿದೆ. ಹಾಕಿದ ಕೂಡಲೇ ಅದು ಹಳದಿ ಬೆಳಕು ಕೊಡಲ್ಲ. ಒಳಗಿನ ನಿಯಾನ್ ಮೊದಲು ಕೆಂಪಗೆ ಉರಿದು, ಸೋಡಿಯಂ ಬಿಸಿಯಾಗಿ ಆವಿಯಾದ ಮೇಲಷ್ಟೇ ಹಳದಿ. ಅಷ್ಟರಲ್ಲಿ ಪಕ್ಕದ ಹುಡುಗಿ ಮೊದಲ ರೀಡಿಂಗ್ ಬರೆದಾಗಿತ್ತು, ಅವಳು ಒಳಗೆ ಬಂದವಳೇ ಮೊದಲು ಸ್ವಿಚ್ ಒತ್ತಿದ್ದಳು. ಹೊರಗಿನಿಂದ ಬಂದ ಎಕ್ಸಾಮಿನರ್ ನನ್ನ ಹಿಂದೆ ಬಂದು ನಿಂತು, ‘ದೀಪ ಯಾಕಪ್ಪ ಕೆಂಪಗಿದೆ?’ ಅಂದರು. ವೈವಾದ ಮೊದಲ ಪ್ರಶ್ನೆ ಅದೇ ಅಂತ ನನಗೆ ಹೊಳೆಯಲಿಲ್ಲ. ‘ಬಿಸಿಯಾಗ್ತಾ ಇದೆ ಸರ್’ ಅಂದು ಸುಮ್ಮನಾದೆ.

ಸರ್ಟಿಫೈಡ್ ರೆಕಾರ್ಡ್ ಇಲ್ಲದೆ ಒಳಗೇ ಬಿಡಲ್ಲ, ಅದಕ್ಕೆ ಪ್ರತಿ ವಾರ ಸಹಿ ಹಾಕಿಸಿಕೊಳ್ಳಿ. ನಮ್ಮ ಬ್ಯಾಚಿನವನೊಬ್ಬ ಪರೀಕ್ಷೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಮೇಷ್ಟರ ಮನೆ ಗೇಟಿನ ಹತ್ತಿರ ರೆಕಾರ್ಡ್ ಹಿಡಿದು ನಿಂತಿದ್ದ. ಪ್ರಾಕ್ಟಿಕಲ್ಲಿಗೆ ಗೈರಾದರೆ ಮತ್ತೆ ಸಿಗೋದು ಒಂದು ವರ್ಷದ ಮೇಲೆ, ಆ ಸೆಮಿಸ್ಟರ್ ತಿರುಗಿ ಬಂದಾಗ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆಯ ಕೆಳಗಿನ ಕಾಮೆಂಟಿನಲ್ಲಿ ಗೆಳೆಯರೊಬ್ಬರು ನಾಲ್ಕನೇ ವರ್ಷ ಓದಿಬಿಡು, ಆಮೇಲೆ ಒಂದೇ ವರ್ಷದ ಎಂ.ಎಸ್ಸಿ ಅಂದಿದ್ದಾರಲ್ಲ. ಯುಜಿಸಿಯ 2024ರ ಪಿಜಿ ಚೌಕಟ್ಟಿನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಕರ್ನಾಟಕ 2024–25ರಿಂದ ಮೂರು ವರ್ಷದ ಡಿಗ್ರಿಗೆ ವಾಪಸಾಗಿದೆ. ನಿಮ್ಮ ಬ್ಯಾಚಿಗೆ ನಿಮ್ಮ ಕಾಲೇಜಿನಲ್ಲಿ ನಾಲ್ಕನೇ ವರ್ಷ ಇದೆಯಾ ಅಂತ ಮೊದಲು ಕೇಳಿ. ನನ್ನ ಕೇಳಿದರೆ, ಸಿಗೋ ಸೀಟು ಬಿಟ್ಟು ಅದಕ್ಕೆ ಕಾಯಬೇಡಿ.

ಐಐಟಿ ಸೀಟು ಬಂದರೆ ಒಪ್ಪಿಕೊಳ್ಳಿ, ಶುಲ್ಕ ಕಟ್ಟಿ, ಅದೇ ಹೊತ್ತಿಗೆ ರಾಜ್ಯದ ವಿ.ವಿ.ಗೂ ಅರ್ಜಿ ಹಾಕಿರಿ. ಅಲ್ಲಿ ಸೇರೋವಾಗ ಮೂಲ ಟಿ.ಸಿ., ಅಂಕಪಟ್ಟಿ ಕೇಳ್ತಾರೆ, ಕೊಡೋಕೆ ಮುಂಚೆ ಎಲ್ಲದರ ಅಟೆಸ್ಟೆಡ್ ಜೆರಾಕ್ಸ್ ಮೂರು ಸೆಟ್ ಇಟ್ಟುಕೊಳ್ಳಿ. ಬೇರೆ ಕಡೆಗೆ ಹೋಗಬೇಕಾಗಿ ಬಂದಾಗ ಮೂಲ ವಾಪಸ್ ತಗೊಳ್ಳೋಕೆ ದಿನಗಟ್ಟಲೆ ಆಗುತ್ತೆ. ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನವೇ ಪ್ರಿನ್ಸಿಪಾಲರ ಸಹಿ ಹಾಕಿಸಿ ಪರೀಕ್ಷಾಂಗ ಕುಲಸಚಿವರಿಗೆ ಒಂದು ಪತ್ರ ಕೊಡಿ, ಸೀಟು ಹಂಚಿಕೆಯ ಪ್ರತಿ ಲಗತ್ತಿಸಿ, ರಿಪೀಟರ್ ರಿಸಲ್ಟ್ ಇಂಥ ತಾರೀಖಿನೊಳಗೆ ಬೇಕು ಅಂತ ತಾರೀಖು ಸಮೇತ ಬರೆದು. ನಾನು ಐದು ಸಲ ಕಿಟಕಿ ಮುಂದೆ ನಿಂತೆನೇ ಹೊರತು ಒಂದು ಸಲವೂ ಬರೆದು ಕೊಟ್ಟಿರಲಿಲ್ಲ. ಅದೇ ವರ್ಷ, ಅದೇ ಕಾಲೇಜಿನ, ನನ್ನ ಹಾಗೇ ಬಾಕಿ ಇದ್ದ ಇನ್ನೊಬ್ಬ ಬರೆದು ಕೊಟ್ಟು, ಮುದ್ರೆ ಹಾಕಿದ ಸ್ವೀಕೃತಿ ತಗೊಂಡಿದ್ದ. ಅವನಿಗೆ ಸೆಪ್ಟೆಂಬರ್ 26ಕ್ಕೆ ಗೋಪ್ಯ ಅಂಕಪಟ್ಟಿ ನೇರ ಸಂಸ್ಥೆಗೇ ಕಳಿಸಿಕೊಟ್ಟರು.