ಹಳದಿ ಬಾಲದ ‘ಮೂರಿಶ್ ಐಡಲ್’

ಪ್ರಶ್ನೆ: ಅಂಗಡಿಯವರು ಮೂರಿಶ್ ಐಡಲ್ ಅಂತ ಹೇಳಿ ಒಂದು ಮೀನು ಕೊಟ್ಟಿದ್ದಾರೆ. ಬೆನ್ನ ಮೇಲೆ ಉದ್ದನೆಯ ಬಿಳಿ ಎಳೆ ಇದೆ. ಮೈಮೇಲೆ ಎರಡು ಕಪ್ಪು ಪಟ್ಟೆ, ಬಾಲ ಹಳದಿ. ಹಾಕಿದ್ದೆಲ್ಲ ತಿನ್ನುತ್ತದೆ. ಅಸಲಿ ತಾನೇ?

ಉತ್ತರ: ಅಲ್ಲ. ಇಂಥದೇ ಮೀನಿನ ಫೋಟೊ ನನಗೆ ಮತ್ತೆ ಮತ್ತೆ ಬರುತ್ತಿದೆ. ಎಲ್ಲರೂ ಬೆನ್ನಿನ ಎಳೆಗೆ ಮರುಳಾಗುತ್ತೀರಿ, ಬಾಲ ನೋಡುವುದೇ ಇಲ್ಲ. ಮೂರಿಶ್ ಐಡಲ್‌ನ ಬಾಲ ಕಪ್ಪು, ಅಂಚಿಗೆ ಮಾತ್ರ ಬಿಳಿ ಗೆರೆ. ಹಳದಿ ಇರುವುದು ಮೈಮೇಲೆ. ಮೂತಿ ಕೊಳವೆಯಂತೆ ಮುಂದಕ್ಕೆ ಚಾಚಿರುತ್ತದೆ, ಅದರ ಮೇಲೊಂದು ಕಿತ್ತಳೆ ಮಚ್ಚೆ. ನಿಮ್ಮದು ಬ್ಯಾನರ್‌ಫಿಶ್, ಚಿಟ್ಟೆಮೀನುಗಳ ಕುಟುಂಬದ್ದು. ಮೂರಿಶ್ ಐಡಲ್‌ನ ಕುಟುಂಬವೇ ಬೇರೆ. ಆ ಕುಟುಂಬದಲ್ಲಿ ಈಗ ಉಳಿದಿರುವುದು ಅದೊಂದೇ ಜಾತಿ.

ಬೇಜಾರು ಮಾಡಿಕೊಳ್ಳಬೇಡಿ. ಅಸಲಿ ಸಿಕ್ಕಿದ್ದರೆ ಬಹುಶಃ ಇಷ್ಟರಲ್ಲಿ ಉಪವಾಸ ಬಿದ್ದು ಸತ್ತಿರುತ್ತಿತ್ತು. ಆ ಮೂತಿ ಇರುವುದೇ ಹವಳದ ಸಂದುಗಳಿಗೆ ತೂರಿಸಿ ಸ್ಪಂಜು ಎಂಬ ಸಮುದ್ರಜೀವಿಯನ್ನು ಕೀಳುವುದಕ್ಕೆ. ದಿನವಿಡೀ ಬಂಡೆಯಿಂದ ಬಂಡೆಗೆ ಓಡಾಡುತ್ತಾ ಕೆದಕಿ ತಿನ್ನುವ ಮೀನು ಅದು. ಲಕ್ಷದ್ವೀಪ, ಅಂಡಮಾನಿನ ಹವಳದ ದಿಬ್ಬಗಳಲ್ಲಿ ಎರಡು ಮೂರು ಒಟ್ಟಿಗೆ ಸುತ್ತುವುದು ಕಾಣುತ್ತದೆ. ಪೂರ್ವ ಆಫ್ರಿಕಾದಿಂದ ಮೆಕ್ಸಿಕೊ ಕರಾವಳಿಯವರೆಗೂ ಇದೆ. ಮರಿಗಳು ತೆರೆದ ಸಮುದ್ರದಲ್ಲಿ ಬಹಳ ದಿನ ತೇಲಿ, 6 ಸೆಂ.ಮೀ. ಮೀರಿ ಬೆಳೆದ ಮೇಲೆಯೇ ಹವಳಕ್ಕೆ ಇಳಿಯುತ್ತವೆ. ಅಷ್ಟು ದೂರ ಹರಡಿದ್ದು ಹಾಗೆ. ಬೆಳೆದರೆ 23 ಸೆಂ.ಮೀ. ಅದನ್ನು ನಾಲ್ಕಡಿ ಗಾಜಿನೊಳಗಿಟ್ಟು ಪ್ಯಾಕೆಟ್ ಕಾಳು ಹಾಕಿದರೆ ಹೇಗೆ ಬದುಕೀತು? ‘ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕೊಡಿ, ತಿನ್ನುತ್ತೆ’ ಅನ್ನುವ ಯೂಟ್ಯೂಬ್ ಪಂಡಿತರ ಮಾತು ಕೇಳಬೇಡಿ. ಕೆಲವರು ಸಾಕಿದ್ದಾರೆ, ನಿಜ. ಆದರೂ ನಾನು ಯಾರಿಗೂ ಇದನ್ನು ಕೊಳ್ಳಿ ಅನ್ನುವುದಿಲ್ಲ. ನಿಮ್ಮ ಬ್ಯಾನರ್‌ಫಿಶ್ ಚೆನ್ನಾಗಿ ತಿನ್ನುತ್ತಿದೆ ಅಲ್ವಾ? ಅದನ್ನೇ ನೋಡಿಕೊಳ್ಳಿ. ಅದೂ ಒಂದು ಗೇಣಿನ ಮೇಲೆ ಬೆಳೆಯುತ್ತದೆ, ದೊಡ್ಡ ತೊಟ್ಟಿ ಬೇಕು.

ಪ್ರಶ್ನೆ: ಸಮುದ್ರದ ಮೀನಿಗೆ ನಲ್ಲಿ ನೀರಿಗೆ ಕಲ್ಲುಪ್ಪು ಹಾಕಿದರೆ ಸಾಲದೇ?

ಉತ್ತರ: ಸಾಲದು. ಸಮುದ್ರದ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತದೆ. ಸಮುದ್ರದ ಮೀನಿನ ತೊಟ್ಟಿಗೆಂದೇ ಮಾಡಿದ ಉಪ್ಪಿನ ಮಿಶ್ರಣವೇ (ಮರೀನ್ ಸಾಲ್ಟ್) ಬೇಕು.

ಪ್ರಶ್ನೆ: ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಿದೆ. ಅರಿಶಿನ ಹಾಕಲೇ?

ಉತ್ತರ: ಅರಿಶಿನ ಸಾರಿಗೆ ಹಾಕಿ. ಮೀನನ್ನು ಇವತ್ತೇ ಬೇರೆ ತೊಟ್ಟಿಗೆ ಬಿಡಿ, ಗೊತ್ತಿರುವವರಿಗೆ ತೋರಿಸಿ.

ಪ್ರಶ್ನೆ: ಲಕ್ಷದ್ವೀಪಕ್ಕೆ ಹೋಗುತ್ತಿದ್ದೇವೆ. ತೊಟ್ಟಿಯ ಅಲಂಕಾರಕ್ಕೆ ಒಂದೆರಡು ಹವಳದ ತುಂಡು ತರಬಹುದೇ?

ಉತ್ತರ: ವನ್ಯಜೀವಿ ಕಾಯ್ದೆಯಡಿ ಅಪರಾಧ. ಸುಮ್ನೆ ಸಿಕ್ಕಿಹಾಕಿಕೊಳ್ಳಬೇಡಿ.