ಓದುಗರ ಪ್ರಶ್ನೆ: ಎರಡು ತಿಂಗಳಿಗೆ ಮಗಳನ್ನು ಕೆನ್ಯಾಕ್ಕೆ ಕಳುಹಿಸಬಹುದೇ?

ರಜೆಯ ಅವಧಿಯಲ್ಲಿ ವಿದೇಶಕ್ಕೆ ಮಿಷನ್ ಸೇವೆಗೆ ಹೋಗಲು ಬಯಸುವ ಯುವಕ ಯುವತಿಯರ ಕುರಿತು ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪಶ್ಚಿಮ ಕೆನ್ಯಾದ ಮಿಷನ್ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ದಾದಿಯಾಗಿದ್ದು ಕಾರವಾರಕ್ಕೆ ಮರಳಿದವಳಾದ್ದರಿಂದ, ಅಲ್ಲಿ ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ಉತ್ತರಿಸುತ್ತೇನೆ.

ಪ್ರಶ್ನೆ: ಸಿಸ್ಟರ್, ನನ್ನ ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ, ಇಗರ್ಜಿಯ ಯುವಸಂಘದಲ್ಲಿ ಚುರುಕಾಗಿದ್ದಾಳೆ. ವಿದೇಶದ ಸೇವಾಸಂಸ್ಥೆಯೊಂದು ಅವಳನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಕೆನ್ಯಾದ ಒಂದು ಅನಾಥಾಲಯಕ್ಕೆ ‘ಬೇಸಿಗೆ ಮಿಷನ್ ಇಂಟರ್ನ್’ ಎಂದು ಆರಿಸಿದೆ. ಒಂದೂಮುಕ್ಕಾಲು ಲಕ್ಷ ರೂಪಾಯಿಯನ್ನು ನಾವೇ ಹೊಂದಿಸಬೇಕು. ಯಜಮಾನರು ಹಡಗಿನ ಕೆಲಸದಲ್ಲಿದ್ದಾರೆ, ‘ನೀನೇ ನೋಡು’ ಎನ್ನುತ್ತಾರೆ. ಕಳುಹಿಸಲೇ?
ಒಬ್ಬ ತಾಯಿ, ಕೋಡಿಬಾಗ, ಕಾರವಾರ

ಉತ್ತರ: ತಂಗಿ, ಮಗಳ ಮನಸ್ಸಿನಲ್ಲಿ ಹುಟ್ಟಿದ ಆಸೆ ಒಳ್ಳೆಯದು, ಅದನ್ನು ನಂದಿಸಬೇಡಿ. ಆದರೆ ಸಂಸ್ಥೆ ಅವಳನ್ನು ಆರಿಸಿದೆ ಎಂದು ಬರೆದಿದ್ದೀರಿ, ಅನಾಥಾಲಯದವರು ಅವಳನ್ನು ಕೇಳಿದ್ದಾರೆ ಎಂದು ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆಯೇ.

‘ಬೇಸಿಗೆ’ ಎಂಬ ಹೆಸರನ್ನೇ ನೋಡಿ. ಅಮೆರಿಕ ಮತ್ತು ಯೂರೋಪಿನ ಕಾಲೇಜುಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ರಜೆಯಿರುವುದರಿಂದ ಆ ಹೆಸರು ಬಂದಿದೆ. ನಮ್ಮಲ್ಲಿ ಅದು ಮಳೆಗಾಲ, ಕೆನ್ಯಾದ ಎತ್ತರದ ಪ್ರದೇಶಗಳಲ್ಲಿ ಸ್ವೆಟರ್ ಬೇಕಾಗುವಷ್ಟು ಚಳಿಯ ಕಾಲ. ಹೋಗುವವರ ಬಿಡುವಿಗೆ ತಕ್ಕಂತೆ ಕಾಲ ಗೊತ್ತಾಗಿದೆಯೇ ಹೊರತು ಅಲ್ಲಿನವರ ಅಗತ್ಯಕ್ಕೆ ತಕ್ಕಂತೆ ಅಲ್ಲ, ಮತ್ತು ನಿಮ್ಮ ಮಗಳಿಗಾದರೋ ತರಗತಿಗಳೂ ತಪ್ಪಬಹುದು.

ನಮ್ಮ ಆಸ್ಪತ್ರೆಯ ಪಕ್ಕದಲ್ಲಿಯೂ ಮಕ್ಕಳ ಆಶ್ರಮವೊಂದಿತ್ತು, ಅಲ್ಲಿಗೆ ಪ್ರತಿ ಜುಲೈಯಲ್ಲಿ ಯುವಜನರ ತಂಡಗಳು ಬರುತ್ತಿದ್ದವು. ಅವರು ನಿಜವಾದ ಪ್ರೀತಿಯಿಂದಲೇ ಮಕ್ಕಳನ್ನು ಎತ್ತಿಕೊಂಡರು, ಹಾಡು ಕಲಿಸಿದರು, ಮತ್ತೆ ಬರುತ್ತೇವೆಂದು ಹೇಳಿ ಆಗಸ್ಟ್‌ನಲ್ಲಿ ಹೊರಟುಹೋದರು. ಒಂದು ವರ್ಷ ನಾಲ್ಕರ ಹರೆಯದ ಹುಡುಗನೊಬ್ಬ ತಂಡ ಹೋದ ಮೇಲೆ ಮೂರು ದಿನ ಅನ್ನ ಮುಟ್ಟದೆ, ಗೇಟಿನ ಬಳಿಯಿಂದ ಏಳಲು ಒಪ್ಪದೆ, ಕೊನೆಗೆ ನಮ್ಮ ವಾರ್ಡಿಗೆ ಬಂದ. ಅವನಿಗೆ ಅಜ್ಜಿ ಇದ್ದಳು. ಜಗತ್ತಿನ ಇಂತಹ ಆಶ್ರಮಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಬದುಕಿರುತ್ತಾರೆ. ಬಡತನವೇ ಅವರನ್ನು ಅಲ್ಲಿಗೆ ತಂದಿರುತ್ತದೆ. ಅಜ್ಜಿಯ ಕೈಗೆ ಸ್ವಲ್ಪ ನೆರವು ಸಿಕ್ಕಿದ್ದರೆ ಆ ಹುಡುಗ ಮನೆಯಲ್ಲಿಯೇ ಇರುತ್ತಿದ್ದನೆಂಬ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ‘ಮಕ್ಕಳೊಂದಿಗೆ ಆಟವಾಡಿ ಪ್ರೀತಿ ಹಂಚುವುದು’ ಎಂಬುದೇ ಮಗಳಿಗೆ ಗೊತ್ತುಪಡಿಸಿದ ಕೆಲಸವಾಗಿದ್ದರೆ ಕಳುಹಿಸಬೇಡಿ.

ಇದಕ್ಕೆ ವಿರುದ್ಧವಾದ ಒಬ್ಬಳನ್ನೂ ಕಂಡಿದ್ದೇನೆ. ಲಸಿಕೆಯ ಕಾರ್ಡುಗಳನ್ನು ಸರಿಪಡಿಸಲು ಬರವಣಿಗೆ ಬಲ್ಲವರು ಬೇಕೆಂದು ನಮ್ಮ ಮೇಟ್ರನ್ ಮೊದಲೇ ಬರೆದು ಕೇಳಿದ್ದರು. ಬಂದ ಹುಡುಗಿ ಆರು ವಾರ ಕಿಟಕಿಯಿಲ್ಲದ ದಾಖಲೆ ಕೋಣೆಯಲ್ಲಿ ಕುಳಿತು, ಸ್ಥಳೀಯ ಗುಮಾಸ್ತೆಯಿಂದ ಕೆಲಸ ಕಲಿತು, ಯಾವ ಮಗುವಿಗೆ ಯಾವ ಚುಚ್ಚುಮದ್ದು ತಪ್ಪಿದೆಯೆಂಬ ಪಟ್ಟಿ ಮಾಡಿಟ್ಟುಹೋದಳು. ಆಕೆಯ ಫೋಟೋ ಯಾವ ಕರಪತ್ರದಲ್ಲಿಯೂ ಬರಲಿಲ್ಲ. ಆದರೆ ಮುಂದಿನ ಎರಡು ವರ್ಷ ನಾವು ಆ ಪಟ್ಟಿಯನ್ನು ಹಿಡಿದೇ ಹಳ್ಳಿಗಳಿಗೆ ಹೋದೆವು.

ಆದ್ದರಿಂದ ಅಲ್ಲಿನ ಮುಖ್ಯಸ್ಥರಿಂದಲೋ ಸ್ಥಳೀಯ ಧರ್ಮಕೇಂದ್ರದ ಗುರುಗಳಿಂದಲೋ ಒಂದು ಪತ್ರ ತರಿಸಿಕೊಳ್ಳಿ. ಅದರಲ್ಲಿ ಕೆಲಸ ಯಾವುದು, ಯಾರ ಕೈಕೆಳಗೆ, ರಾತ್ರಿ ವಸತಿ ಎಲ್ಲಿ, ಕಾಯಿಲೆ ಬಿದ್ದರೆ ಯಾರ ಹೊಣೆ, ಯಾವ ವೀಸಾ ಅಥವಾ ಪರವಾನಗಿ ಎಂಬುದು ಸ್ಪಷ್ಟವಾಗಿರಬೇಕು. ಸಂಬಳವಿಲ್ಲದ ಸೇವೆಯನ್ನೂ ಅನೇಕ ದೇಶಗಳ ಕಾನೂನು ಕೆಲಸವೆಂದೇ ಎಣಿಸುತ್ತದೆ, ಪ್ರವಾಸಿಯೆಂದು ಹೋಗಿ ಅದನ್ನು ಮಾಡುವಂತಿಲ್ಲ. ಹಣದ ಲೆಕ್ಕವನ್ನೂ ಬಿಡಿಸಿ ಬರೆಸಿಕೊಳ್ಳಿ. ಧರ್ಮಕೇಂದ್ರದ ಜನರಿಂದ ಸಂಗ್ರಹಿಸುವುದಾದರೆ, ಮರಳಿ ಬಂದ ಮೇಲೆ ಭಾನುವಾರದ ಪೂಜೆಯ ನಂತರ ಮಗಳೇ ನಿಂತು ಪೈಸೆ ಪೈಸೆಯ ಲೆಕ್ಕ ಒಪ್ಪಿಸಲಿ. ಪತ್ರ ಬಾರದಿದ್ದರೆ ಈ ವರ್ಷ ಬೇಡ; ಪದವಿ ಮುಗಿಸಿ, ಕೈಯಲ್ಲೊಂದು ವಿದ್ಯೆ ಹಿಡಿದುಕೊಂಡು ಹೋಗಲಿ.

ಪ್ರಶ್ನೆ: ಆಫ್ರಿಕಾಕ್ಕೆ ಹೋಗಲು ಲಸಿಕೆ ಕಡ್ಡಾಯವೇ?
ಒಬ್ಬ ಓದುಗ, ಕುಮಟಾ

ಉತ್ತರ: ಕೆನ್ಯಾ, ಉಗಾಂಡದಂತಹ ದೇಶಗಳಿಂದ ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕುತ್ತಾರೆ. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಾದ್ದರಿಂದ ಕೊನೆಯ ಗಳಿಗೆಯವರೆಗೆ ಕಾಯಬೇಡಿ. 2016ರಿಂದ ಇದು ಜೀವಮಾನವಿಡೀ ನಡೆಯುತ್ತದೆ. ಮೊಟ್ಟೆ ಆಗದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಮಲೇರಿಯಾ ತಡೆಯುವ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಮರಳಿ ಬಂದ ಮೇಲೂ ಮುಂದುವರಿಸಿ. ಬಂದು ಒಂದು ತಿಂಗಳಾದ ಮೇಲೆ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದೆನೆಂಬುದನ್ನು ಮೊದಲ ಮಾತಾಗಿ ಹೇಳಿ, ಇದರಿಂದ ಜೀವ ಉಳಿದವರನ್ನು ನಾನು ಬಲ್ಲೆ.

ಪ್ರಶ್ನೆ: ನಮ್ಮ ಸಭೆಯ ಐವರು ಯುವಕರು ಮೇ ತಿಂಗಳಲ್ಲಿ ನೇಪಾಳಕ್ಕೆ ಸುವಾರ್ತಾ ಸೇವೆಗೆ ಹೋಗಲಿದ್ದೇವೆ. ವೀಸಾ ಬೇಕಿಲ್ಲ. ಯಾರಾದರೂ ಕೇಳಿದರೆ ಪ್ರವಾಸ ಎನ್ನಿರಿ ಎಂದು ಸಂಘಟಕರು ಹೇಳಿದ್ದಾರೆ. ಇದು ಸರಿಯೇ?
ಒಬ್ಬ ಯುವಕ, ಶಿರಸಿ

ಉತ್ತರ: ಸರಿಯಲ್ಲ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡವೆಂಬುದು ನಿಜ, ಆದರೆ ಗಡಿ ದಾಟಿದ ಮೇಲೆ ನಡೆಯುವುದು ಅಲ್ಲಿನ ಕಾನೂನು. ನೇಪಾಳದ 2015ರ ಸಂವಿಧಾನದ 26ನೆಯ ವಿಧಿ ಇನ್ನೊಬ್ಬರನ್ನು ಮತಾಂತರಗೊಳಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡಸಂಹಿತೆಯಂತೆ ಅದಕ್ಕೆ 5 ವರ್ಷಗಳವರೆಗೆ ಸೆರೆ ಹಾಗೂ ದಂಡ ವಿಧಿಸಬಹುದು, ವಿದೇಶಿಯರನ್ನು ಶಿಕ್ಷೆಯ ನಂತರ ದೇಶದಿಂದ ಹೊರಹಾಕಲಾಗುತ್ತದೆ. ಆ ಕಾನೂನು ನ್ಯಾಯವೇ ಎಂಬ ಬಗ್ಗೆ ನಿಮಗೆ ಬೇರೆ ಅಭಿಪ್ರಾಯವಿರಬಹುದು. ಹಾಗಿದ್ದರೂ ಕರಪತ್ರ ಹಂಚಿ ನೀವು ಗೋರಖಪುರದ ರೈಲು ಹಿಡಿದ ಮೇಲೆ ಪೊಲೀಸರ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ನಿಮಗೆ ಊಟ ಹಾಕಿದ ಮನೆಯವರು. ಸತ್ಯವನ್ನು ಸಾರಲು ಹೊರಟವರು ಗಡಿಯಲ್ಲಿಯೇ ಸುಳ್ಳು ಹೇಳುವುದನ್ನು ನಾನು ಒಪ್ಪಲಾರೆ. ಅಲ್ಲಿನ ಸಭೆಗಳ ಹಿರಿಯರಿಗೆ ಬರೆದು, ಕಾನೂನಿನ ಒಳಗೆ ನಿಮ್ಮಿಂದ ಆಗಬೇಕಾದುದು ಏನಾದರೂ ಇದೆಯೇ ಎಂದು ಕೇಳಿ. ಬರಬೇಡಿ ಎಂದು ಅವರು ಹೇಳಿದರೆ ಅದನ್ನೂ ಒಪ್ಪಿಕೊಳ್ಳಿ.

ಪ್ರಶ್ನೆ: ಹಿಂದಿನವರು ಮಿಷನ್‌ಗೆ ಹೋದರೆ ಅಲ್ಲಿಯೇ ಮಣ್ಣಾಗುತ್ತಿದ್ದರು. ಎರಡು ತಿಂಗಳದ್ದು ಮಿಷನ್ ಎನಿಸಿಕೊಳ್ಳುತ್ತದೆಯೇ?
ಹಿರಿಯ ಓದುಗರು, ಹೊನ್ನಾವರ

ಉತ್ತರ: ತಮ್ಮ ಮಾತಿನಲ್ಲಿ ಸತ್ಯವಿದೆ. ಗೋವೆಯಲ್ಲಿ 1651ರಲ್ಲಿ ಹುಟ್ಟಿ, ನಮ್ಮ ಕೆನರಾ ಕರಾವಳಿಯಲ್ಲಿ ಕೆಲವು ವರ್ಷ ದುಡಿದು, 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕೆಯನ್ನು ಸೇರಿದ ಸಂತ ಜೋಸೆಫ್ ವಾಜ್ ಅವರು 1711ರಲ್ಲಿ ಕ್ಯಾಂಡಿಯಲ್ಲಿಯೇ ತೀರಿಕೊಂಡರು. ಗೂಢಚಾರರೆಂದು ಅವರನ್ನು ಸೆರೆಯಲ್ಲಿಟ್ಟಿದ್ದ ಆ ರಾಜ್ಯದಲ್ಲಿ 1697ರ ಸಿಡುಬಿನ ಸಮಯದಲ್ಲಿ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ಮತಭೇದವಿಲ್ಲದೆ ಆರೈಕೆ ಮಾಡಿದ್ದರಿಂದ ಅರಸನ ವಿಶ್ವಾಸ ಅವರಿಗೆ ದೊರೆಯಿತು. ತಮಿಳು, ಸಿಂಹಳಗಳನ್ನು ಕಲಿತು ಜನರೊಂದಿಗೆ ಬೆರೆತರು. ಅಷ್ಟು ಕಾಲ ನಿಂತವರಿಗೆ ಮಾತ್ರ ಇದು ಸಾಧ್ಯ. ಎರಡು ತಿಂಗಳಿಗೆ ಹೋಗುವವರು ಕಲಿಯಲು ಹೋಗುವವರೆಂದು ಮೊದಲೇ ತಿಳಿದುಕೊಂಡರೆ ಯಾರಿಗೂ ಮೋಸವಾಗುವುದಿಲ್ಲ. ದೀರ್ಘಕಾಲ ದುಡಿಯಬಲ್ಲವರು ಯಾರು ಎಂಬುದು ಹೀಗೆ ಹೋಗಿ ಬಂದವರಲ್ಲಿಯೇ ಕೆಲವೊಮ್ಮೆ ಗೊತ್ತಾಗುತ್ತದೆ. ನಾನೂ ಮೊದಲು ಮೂರು ತಿಂಗಳಿಗೆಂದೇ ಹೋದವಳು.

ಪ್ರಶ್ನೆ: ಸಿಸ್ಟರ್, ನಾನು ಸಿದ್ದಿ ಸಮುದಾಯದವಳು, ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕೆನ್ಯಾದ ಆಸ್ಪತ್ರೆಯೊಂದಕ್ಕೆ ಹೋಗುವ ತಂಡಕ್ಕೆ ಸೇರಿದ್ದೇನೆ. ‘ನಿನ್ನ ನೆಲಕ್ಕೇ ಹೋಗುತ್ತಿದ್ದೀಯ’ ಎಂದು ತಂಡದವರು ಹೇಳುತ್ತಾರೆ, ಕರಪತ್ರಕ್ಕೆ ನನ್ನ ಫೋಟೋ ಕೇಳಿದ್ದಾರೆ. ಮನಸ್ಸಿಗೆ ಕಸಿವಿಸಿಯಾಗಿದೆ.
ಒಬ್ಬ ವಿದ್ಯಾರ್ಥಿನಿ, ಯಲ್ಲಾಪುರ ತಾಲೂಕು

ಉತ್ತರ: ಮಗಳೇ, ನಿನ್ನ ನೆಲ ಯಲ್ಲಾಪುರದ ಕಾಡಿನ ಅಂಚಿನ ನಿನ್ನ ಊರು. ನಿನ್ನ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡಿನಲ್ಲಿ ಬದುಕು ಕಟ್ಟಿಕೊಂಡರು. ಸರ್ಕಾರ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ಅಷ್ಟು ದೊಡ್ಡ ನೋವಿನ ಕಥೆಯನ್ನು ಒಂದು ಕರಪತ್ರದ ಚಿತ್ರವಾಗಿಸಲು ನೀನು ಒಪ್ಪಬೇಕಿಲ್ಲ. ಫೋಟೋ ಬೇಡವೆಂದು ನೇರವಾಗಿ ಹೇಳು, ಕಾರಣ ಕೊಡುವ ಅಗತ್ಯವೂ ಇಲ್ಲ.

ಆದರೆ ಹೋಗು. ಈ ತಿಂಗಳು ನನಗೆ ಬರೆದವರಲ್ಲಿ ಕೈಯಲ್ಲಿ ವಿದ್ಯೆಯಿರುವವಳು ನೀನೊಬ್ಬಳೇ. ಅಲ್ಲಿನ ನೋಂದಣಿಯಿಲ್ಲದೆ ಚುಚ್ಚುಮದ್ದು ಕೊಡುವುದಕ್ಕೂ ಹೊಲಿಗೆ ಹಾಕುವುದಕ್ಕೂ ಯಾರೇ ಹೇಳಿದರೂ ಒಪ್ಪಬೇಡ. ಸ್ಥಳೀಯ ದಾದಿಯ ಪಕ್ಕದಲ್ಲಿ ನಿಂತು ನೋಡು, ಅವಳು ಹೇಳಿದ್ದನ್ನು ಮಾಡು. ಜನರು ನಿನ್ನೊಡನೆ ಮೊದಲು ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿಯೇ ಮಾತನಾಡುವರು, ನಿನಗೆ ಅರ್ಥವಾಗದಿದ್ದಾಗ ಅಚ್ಚರಿಪಡುವರು. ಮದ್ದಿಗೆ ಅವರು ‘ದಾವಾ’ ಎನ್ನುತ್ತಾರೆ, ನಮ್ಮ ದವಾಖಾನೆಯೊಳಗಿನ ಪದವೇ ಅದು. ಕಷ್ಟದಲ್ಲಿರುವವರನ್ನು ಕಂಡಾಗ ‘ಪೋಲೆ’ ಎನ್ನುತ್ತಾರೆ. ತನ್ನ ತಪ್ಪಿಲ್ಲದಿದ್ದರೂ ಇನ್ನೊಬ್ಬರ ನೋವಿಗೆ ಮರುಗಿ ಹೇಳುವ ಆ ಮಾತನ್ನು ವಾರ್ಡಿನಲ್ಲಿ ದಿನಕ್ಕೆ ನೂರು ಬಾರಿ ಕೇಳುವೆ. ವಿಕ್ಟೋರಿಯಾ ಸರೋವರದ ಕಡೆ ಹೋದರೆ ‘ಒಮೆನಾ’ ಎಂಬ ಸಣ್ಣ ಒಣಮೀನು ಸಿಗುತ್ತದೆ. ಊರಿನ ಊಟ ನೆನಪಾದ ದಿನಗಳಲ್ಲಿ ನನಗೆ ಅದೇ ಆಸರೆಯಾಗಿತ್ತು.

ಹೊರಡುವ ಮೊದಲು ಒಂದು ದಿನ ಕಾರವಾರಕ್ಕೆ ಬಾ. ರೋಗಿಗಳೊಂದಿಗೆ ಮಾತನಾಡಲು ಬೇಕಾಗುವ ಸ್ವಾಹಿಲಿ ಪದಗಳನ್ನು ಮೊದಲ ವರ್ಷ ನಾನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡ ನೋಟುಬುಕ್ಕು ಇನ್ನೂ ನನ್ನ ಬಳಿ ಇದೆ. ಅದನ್ನು ನಿನಗೆ ಕೊಡುತ್ತೇನೆ.